ಮೂರು ಸಲ ಇಳಿಯದೆ ಮೇಲೆ ಹೋದ ಮಗಳಿಗೆ

ಪುಟ್ಟಿ,

ನಿನ್ನೆ ಫೋನಿನಲ್ಲಿ ಅಳು ನುಂಗಿಕೊಂಡೇ ಮಾತಾಡಿದೆ, ಅಲ್ವಾ? ಗಾಳಿಗೆ ಮೂರು ಸಲ ಗೋ-ಅರೌಂಡ್ ಮಾಡಬೇಕಾಯಿತು, ಅಂದರೆ ಇಳಿಯುವುದನ್ನು ಬಿಟ್ಟು ವಿಮಾನವನ್ನು ಮತ್ತೆ ಮೇಲಕ್ಕೆ ಒಯ್ಯಬೇಕಾಯಿತು, ಜೊತೆಗೆ ಹಾರಲು ಕಲಿಯುವವರೆಲ್ಲ ನೋಡುತ್ತಿದ್ದರು, ಮರ್ಯಾದೆ ಹೋಯಿತು ಅಂದೆ. ನಾನಂತೂ ಫೋನಿಟ್ಟ ಮೇಲೆ ಇನ್ನೊಂದು ಲೋಟ ಕಾಫಿ ಮಾಡಿಕೊಂಡು ಕುಡಿದೆ. ಅಷ್ಟು ಖುಷಿಯಾಗಿತ್ತು.

ನಾನು ಹಾರಲು ಕಲಿಯುವಾಗ ಆದದ್ದೊಂದನ್ನು ನಿನಗೆ ಹೇಳೇ ಇಲ್ಲ. ಆಷಾಢದ ಗಾಳಿ. ಬೇಸ್‌ನಿಂದ, ಅಂದರೆ ರನ್‌ವೇಗೆ ಅಡ್ಡವಾಗಿ ಹಾರುವ ದಾರಿಯಿಂದ, ಇಳಿಯುವ ನೇರವಾದ ಫೈನಲ್‌ಗೆ ತಿರುಗುವಾಗ ಅದು ಹಿಂದಿನಿಂದ ತಳ್ಳಿ, ರನ್‌ವೇ ನೇರವನ್ನು ದಾಟಿಸಿಬಿಟ್ಟಿತು. ಸುಮ್ನೆ ಮೇಲೆ ಹೋಗಬಹುದಿತ್ತು. ಹೋಗಲಿಲ್ಲ. ಜಾಸ್ತಿ ವಾಲಿಸಲು ಭಯ, ಅದಕ್ಕೆ ತಿರುಗುವ ಪಕ್ಕದ ರಡ್ಡರ್ (ಬಾಲದ ಚುಕ್ಕಾಣಿಯ ಪೆಡಲ್) ಒತ್ತಿ ಮೂಗನ್ನು ರನ್‌ವೇ ಕಡೆ ಎಳೆದೆ, ರೆಕ್ಕೆ ಇನ್ನೂ ವಾಲಿತು, ಮೂಗು ಇಳಿಯಿತು, ಆಗ ಸ್ಟಿಕ್ಕನ್ನು ಎದುರು ಪಕ್ಕಕ್ಕೂ ಹಿಂದಕ್ಕೂ ಎಳೆದೆ. ವಿಮಾನ ಗಿರಗಿರ ತಿರುಗುತ್ತಾ ಬೀಳುವ ಸ್ಪಿನ್ನನ್ನು ಕೈಹಿಡಿದು ಕರೆದ ಹಾಗೆ! ಇನ್‌ಸ್ಟ್ರಕ್ಟರ್ ನನ್ನ ಕೈ ತಳ್ಳಿ ಕಂಟ್ರೋಲ್ ತೆಗೆದುಕೊಂಡರು. 500 ಅಡಿಯಲ್ಲಿ ಸ್ಪಿನ್ ಶುರುವಾದರೆ ಬಿಡಿಸಿಕೊಳ್ಳಲು ಎತ್ತರವೇ ಉಳಿದಿರುವುದಿಲ್ಲ.

ನಿನ್ನ ಸೆಸ್ನಾ 172 ವಿಮಾನದ ಪುಸ್ತಕದಲ್ಲಿ ಅಡ್ಡಗಾಳಿ 15 ನಾಟ್ (ಗಂಟೆಗೆ ಸುಮಾರು 28 ಕಿ.ಮೀ.) ಅಂತ ಇದೆಯಲ್ಲ, ಅದು ಕಂಪನಿಯವರು ಹಾರಿಸಿ ತೋರಿಸಿದ ಅಂಕಿ. ನೀನು ಈಗಲೇ ಅಲ್ಲಿಗೆ ಮುಟ್ಟಬೇಕಾಗಿಲ್ಲ. ಗಾಳಿ 15, ಗಸ್ಟ್ (ತಟ್ಟನೆ ಏರುವ ಬೀಸು) 25 ಅಂದರೆ ವ್ಯತ್ಯಾಸ 10, ಅದರ ಅರ್ಧ 5 ನಾಟ್ ವೇಗಕ್ಕೆ ಸೇರಿಸಿಕೋ. ಎದುರುಗಾಳಿ ತಟ್ಟನೆ ಬಿದ್ದಾಗ ನಿನ್ನ ವೇಗವೂ ಬೀಳುತ್ತದೆ, ಆಗ ಕೈಹಿಡಿಯುವುದು ಆ 5 ನಾಟೇ. ಭಯಕ್ಕೆ 15 ಸೇರಿಸಿದೆಯೋ, ರನ್‌ವೇ ಮೇಲೆ ತೇಲುತ್ತಾ ಹೋಗುತ್ತೀಯ, ಒತ್ತಿ ಇಳಿಸಿದರೆ ಪುಟಿಯುತ್ತದೆ.

ಹಾಗಂತ ಮೇಲೆ ಹೋದ ಮಾತ್ರಕ್ಕೆ ಬಚಾವಾದೆ ಅಂದುಕೊಳ್ಳಬೇಡ. ನೀನಿರುವ ಟೆಕ್ಸಾಸ್‌ನಲ್ಲೇ, ಹ್ಯೂಸ್ಟನ್‌ನ ಹಾಬಿ ಏರ್‌ಪೋರ್ಟ್ ಪಕ್ಕ 2016ರ ಜೂನ್ 9ರಂದು ಒಂದು ಸಣ್ಣ ವಿಮಾನ, ಸಿರಸ್ ಎಸ್‌ಆರ್20, ಬಿತ್ತು. ಗಾಳಿ ಬಿಟ್ಟು ಬಿಟ್ಟು ಬೀಸುತ್ತಿತ್ತು. ಮೊದಲ ಸಲ ಹಿಂದೆ ಬೋಯಿಂಗ್ 737 ಬರುತ್ತಿದೆ ಅಂತ ಟವರ್‌ನವರೇ ಮೇಲೆ ಕಳಿಸಿದರು, ಆಮೇಲೆ ಎರಡು ಸಲವೂ ಎತ್ತರ ಜಾಸ್ತಿಯಾಗಿ ಇಳಿಯಲಾಗಲಿಲ್ಲ. ಮೂರನೇ ಸಲ ಮೇಲೇರುವಾಗ ವೇಗ ಕೂಡಿಕೊಳ್ಳುವ ಮೊದಲೇ ಫ್ಲಾಪ್ (ಕಡಿಮೆ ವೇಗದಲ್ಲೂ ವಿಮಾನವನ್ನು ಎತ್ತಿ ಹಿಡಿಯುವ, ರೆಕ್ಕೆಯ ಹಿಂದಿನ ಪಟ್ಟಿ) ಎತ್ತಿದ್ದಾರೆ, ಅದೂ ಎಡಕ್ಕೆ ತಿರುಗುತ್ತಾ. ರೆಕ್ಕೆ ಎತ್ತುವ ಬಲ ಕಳೆದುಕೊಂಡು ಸ್ಟಾಲ್, ಆಮೇಲೆ ಸ್ಪಿನ್. ಒಳಗಿದ್ದ ಮೂವರೂ ಹೋದರು. ಪೈಲಟ್ ಹೆಣ್ಣುಮಗಳು. ತನಿಖೆಯ ವರದಿ ಓದಿದಾಗ ಮುಖ್ಯ ತಪ್ಪು ಅವರದು, ಟವರ್‌ನವರ ಪಾಲೂ ಇದೆ ಅಂತ ಗೊತ್ತಾಯಿತು, ಅವರನ್ನು ಬೈಯಲು ಬಾಯಿ ಬರಲಿಲ್ಲ ನನಗೆ.

ಅದಕ್ಕೇ ಮೇಲೆ ಹೋಗುವಾಗ ಮೊದಲು ಥ್ರಾಟಲ್ ಪೂರ್ತಿ, ರಡ್ಡರ್ ಮೇಲೆ ಬಲಗಾಲು ಗಟ್ಟಿ. ಇಳಿಯುವ ವೇಗಕ್ಕೆ ಹೊಂದಿಸಿಟ್ಟ (ಟ್ರಿಮ್ ಮಾಡಿಟ್ಟ) ಮೂಗು ಪವರ್ ಕೊಟ್ಟೊಡನೆ ತಾನೇ ಮೇಲೇಳುತ್ತದೆ, ಅದನ್ನು ತಡೆದು ಹಿಡಿ. ವೇಗ ನೋಡಿಕೊಂಡು ಫ್ಲಾಪ್ ಹಂತ ಹಂತವಾಗಿ. ರೇಡಿಯೊದಲ್ಲಿ ಯಾರು ಏನೇ ಕೇಳಲಿ, ಉತ್ತರ ಆಮೇಲೆ.

ಭಾನುವಾರ ಫೋನ್ ಮಾಡಿದಾಗ ಗಾಳಿ ಎಷ್ಟಿತ್ತು ಹೇಳು. ನನ್ನ ಆಷಾಢದ ಕಥೆ ಮಾತ್ರ ಅಮ್ಮನ ಕಿವಿಗೆ ಬೀಳದಿರಲಿ, ಮೂವತ್ತು ವರ್ಷ ಮುಚ್ಚಿಟ್ಟಿದ್ದೇನೆ.

ನಿನ್ನ,
ಅಪ್ಪ