ಸೋಪಿನ ತುಂಡಿನ ಜೊತೆ ಮಗಳಿಗೊಂದು ಪತ್ರ

ಮಂಡ್ಯ, ಸೋಮವಾರ ರಾತ್ರಿ

ಪುಟ್ಟಿ,

ನಿನ್ನೆ ನೀನು ಊಟ ಬಿಟ್ಟು ಮೈಸೂರಿನ ರೈಲು ಹತ್ತಿದ ಮೇಲೆ ಅಮ್ಮ ನನ್ನ ಜೊತೆ ಮಾತಾಡಿಲ್ಲ. ಬಸ್ಸಾರು, ಮುದ್ದೆ ಹಾಗೇ ಉಳಿಯಿತು. ಇಂಜಿನಿಯರಿಂಗ್ ಡ್ರಾಯಿಂಗ್ ಟೆಸ್ಟಿನಲ್ಲಿ ಕಡಿಮೆ ಬಂತು ಅಂತ ನೀನು ಬಾಯಿಬಿಟ್ಟ ತಕ್ಷಣ ಗದರಿಬಿಟ್ಟೆ. ತಪ್ಪು ನನ್ನದು. ‘ನಿಂಗೇನು ಗೊತ್ತಪ್ಪ, ಕಂಪ್ಯೂಟರ್ ಮುಟ್ಟಿಲ್ಲ ನೀನು’ ಅಂದೆಯಲ್ಲ, ನಿಜ. ಆದರೆ ಡ್ರಾಯಿಂಗ್ ಗೊತ್ತು ಮಗಳೇ. ಅದರ ಪೆಟ್ಟು ತಿಂದಿದ್ದೇನೆ.

ನೀನು ಎರಡನೇ ಕ್ಲಾಸಿನಲ್ಲಿದ್ದಾಗಿನ ಮಾತು. ಮೇಟಗಳ್ಳಿಯ ಒಂದು ಶೆಡ್ಡಿನಲ್ಲಿ ಡ್ರಿಲ್ಲಿಂಗ್ ಮಷಿನ್ ಮೇಲಿದ್ದೆ. ಅಮೆರಿಕಕ್ಕೆ ಹೋಗುವ ಬ್ರಾಕೆಟ್, 40 ಪೀಸು. ಹಾಳೆಯಲ್ಲಿ ಇದ್ದದ್ದು ಫ್ರಂಟ್ ವ್ಯೂ, ಅದರ ಬಲಕ್ಕೆ ಒಂದು ಸೈಡ್ ವ್ಯೂ. ವ್ಯೂಗಳನ್ನು ಹಾಳೆಯಲ್ಲಿ ಜೋಡಿಸಲು ಎರಡು ಕ್ರಮ ಇವೆ. ನಾವು ಐಟಿಐಯಲ್ಲಿ ಕಲಿತದ್ದು ಫಸ್ಟ್ ಆಂಗಲ್. ಅದರಲ್ಲಿ ಬಲಕ್ಕೆ ಇರುವುದು ಎಡಗಡೆಯಿಂದ ನೋಡಿದ ವ್ಯೂ. ಅವರದು ಥರ್ಡ್ ಆಂಗಲ್, ಬಲಗಡೆಯದು ಬಲಕ್ಕೇ. ಮೂಲೆಯಲ್ಲಿ ಅದರ ಗುರುತೂ ಇತ್ತು. ನಾನು ನೋಡಲಿಲ್ಲ. ಮುಂದಿನ ಅಂಚಿಗೆ ಬರಬೇಕಿದ್ದ ತೂತು ಹಿಂದಿನ ಅಂಚಿಗೆ ಹೋಯಿತು. ವರ್ನಿಯರ್ ಅಳತೆಗೋಲು ಹಿಡಿದರೆ ಅಳತೆಯಲ್ಲಿ ಕೂದಲಷ್ಟೂ ವ್ಯತ್ಯಾಸವಿಲ್ಲ. ಆದರೆ 40 ಪೀಸೂ ಕನ್ನಡಿಯಲ್ಲಿ ಕಂಡ ಹಾಗೆ, ಉಲ್ಟಾ. ಹಾಳೆಯ ಹಿಂದೆ ಒಂದು ಐಸೋಮೆಟ್ರಿಕ್, ಅಂದರೆ ಮೂರು ಮುಖವೂ ಒಟ್ಟಿಗೆ ಕಾಣುವ ಚಿತ್ರ, ಗೀಚಿ ಮೇಸ್ತ್ರಿಗೆ ತೋರಿಸಿದ್ದರೆ ಸಾಕಿತ್ತು, ನೋಡಿದ ತಕ್ಷಣ ಹಿಡಿಯುತ್ತಿದ್ದರು. ಆ ಗುಜರಿ ರಾಶಿ ಈಗಲೂ ಕಣ್ಣ ಮುಂದಿದೆ. ಎಣ್ಣೆ ಒರೆಸಿ, ಒಂದೊಂದನ್ನೇ ತಿರುಗಿಸಿ ನೋಡಿದ್ದೆ, ಒಂದಾದರೂ ಸರಿಯಿರಬಹುದೇನೋ ಅಂತ. ಅವತ್ತು ರಾತ್ರಿ ನೀನು ಹೋಂವರ್ಕ್ ತೋರಿಸಲು ಬಂದೆ. ನಿನ್ನ ಮೇಲೆ ರೇಗಿದೆ. ನಿನ್ನೆ ರೇಗಿದ್ದೂ ಅದೇ ಭಯಕ್ಕೆ.

ಉಪದೇಶ ಬೇಡ ಅಂದುಕೊಂಡೇ ಕೂತೆ. ಆದರೂ ಕೇಳು. ವ್ಯೂ ನೋಡಿ ಐಸೋಮೆಟ್ರಿಕ್ ಹಾಕುವಾಗ ಮೊದಲು ಯಾವ ಆಂಗಲ್ ಅಂತ ನೋಡು. ಆಮೇಲೆ ಪೂರ್ತಿ ಉದ್ದ, ಅಗಲ, ಎತ್ತರಕ್ಕೆ ಒಂದು ಡಬ್ಬ ಹಾಕು. ಒಂದು ಗೆರೆ ನೆಟ್ಟಗೆ, ಎರಡು 30 ಡಿಗ್ರಿ ಓರೆ. ಒಂದೊಂದು ವ್ಯೂ ನೋಡುತ್ತಾ ಆ ಡಬ್ಬದಿಂದ ಬೇಡದ್ದನ್ನು ಕೊಯ್ದು ತೆಗಿ. ಇಳಿಜಾರು ಗೆರೆಯನ್ನು ನೇರ ಅಳತೆಯಿಂದ ಎಳೆಯಬೇಡ, ಎರಡು ತುದಿ ಗುರುತಿಸಿ ಸೇರಿಸು. ನಮ್ಮ ಶಾಪಿನಲ್ಲಿ ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಹಾಕುವ ಕ್ಯಾಡ್ ಹುಡುಗನನ್ನು ಇವತ್ತು ಕೂರಿಸಿಕೊಂಡು ಕೇಳಿದೆ. ಆಟೋಕ್ಯಾಡಿನಲ್ಲಿ ಐಸೋಮೆಟ್ರಿಕ್‌ಗೆಂದೇ ಇರುವ ಐಸೋಡ್ರಾಫ್ಟ್ ಹಾಕಿಕೊಂಡರೆ, ಎಫ್5 ಒತ್ತಿದಾಗೆಲ್ಲ ಎಡ, ಮೇಲೆ, ಬಲ ಅಂತ ಮುಖ ಬದಲಾಗುತ್ತದೆ. ಓರೆ ಮುಖದ ಮೇಲೆ ದುಂಡು ತೂತು ಅಂಡಾಕಾರ ಕಾಣುತ್ತದೆ, ಅದಕ್ಕೇ ತೂತಿಗೆ ಸರ್ಕಲ್ ಅಲ್ಲ, ಎಲಿಪ್ಸ್ ಕಮಾಂಡಿನಲ್ಲಿ ಐಸೋಸರ್ಕಲ್ ಇದೆ. ಮುಖ ತಪ್ಪಿದರೆ ತೂತು ಮೈಗೆ ಅಂಟದೆ ಗಾಳಿಯಲ್ಲಿ ಓರೆಯಾಗಿ ನಿಲ್ಲುತ್ತದೆ. ಅವನು ಬೇಕಂತಲೇ ತಪ್ಪಿಸಿ ತೋರಿಸಿದ.

ನಮ್ಮ ಮನೆಯಲ್ಲಿ ಇಂಜಿನಿಯರಿಂಗ್ ಓದುತ್ತಿರುವವಳು ನೀನೊಬ್ಬಳೇ. ಶಾಪಿನಲ್ಲಿ ಎಲ್ಲರಿಗೂ ಹೇಳಿದ್ದೇನೆ. ಟೆಸ್ಟ್ ಹೋದದ್ದನ್ನೂ ಹೇಳಿದೆ, ಮುಚ್ಚಿಡಲಿಲ್ಲ. ಓದು ಬಿಟ್ಟುಬಿಡುತ್ತೇನೆ ಅಂತ ಮಾತ್ರ ಅನ್ನಬೇಡ ಪುಟ್ಟಿ. ನಿನ್ನೆ ರಾತ್ರಿಯೆಲ್ಲ ಅದೇ ಕಿವಿಯಲ್ಲಿತ್ತು.

ಪೊಟ್ಟಣದಲ್ಲಿ ಬಟ್ಟೆ ಸೋಪಿನ ತುಂಡಿದೆ. 60, 40, 30 ಮಿಲಿಮೀಟರ್. ಒಂದು ಮೆಟ್ಟಿಲು, ಒಂದು ಇಳಿಜಾರು, ಒಂದು ತೂತು ಕೊರೆದಿದ್ದೇನೆ. ಕಣ್ಣ ಮಟ್ಟಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ, ಎದುರಿಂದ, ಮೇಲಿಂದ, ಪಕ್ಕದಿಂದ ನೋಡಿ ಮೂರೂ ವ್ಯೂ ಬರಿ. ಸೋಪನ್ನು ಪೆಟ್ಟಿಗೆಯಲ್ಲಿಟ್ಟು, ಬರೆದದ್ದನ್ನೇ ನೋಡಿಕೊಂಡು ಐಸೋಮೆಟ್ರಿಕ್ ಹಾಕು. ಆಮೇಲೆ ಸೋಪು ತೆಗೆದು ಪಕ್ಕದಲ್ಲಿಟ್ಟು ನೋಡು.

ಶನಿವಾರ ಬಾ. ಲ್ಯಾಪ್‌ಟಾಪ್ ತಗೊಂಡು ಬಾ. ಆ ತೂತನ್ನು ನೀನು ಹೇಗೆ ಹಾಕಿದೆ ಅಂತ ನಾನು ನೋಡಬೇಕು. ಅಮ್ಮ ಮತ್ತೆ ಬಸ್ಸಾರು ಮಾಡುತ್ತಾಳಂತೆ.

ನಿನ್ನ ಅಪ್ಪ