ನೋಡಿಯೇ ಬರೆಯುತ್ತಿದ್ದೇನೆ, ಮಗಳೇ

ಪ್ರೀತಿಯ ಮಗಳಿಗೆ,

ಬ್ಯಾಂಕಿನ ಕೆಲಸಕ್ಕೆ ರಾಜೀನಾಮೆ ಕೊಟ್ಟಾಯ್ತು, ಪುಣೆಯಲ್ಲಿ ಗೇಮ್ ಮಾಡುವ ಕಂಪೆನಿಗೆ ಚಿತ್ರ ಬರೆಯಲಿಕ್ಕೆ ಹೋಗುತ್ತೇನೆ ಅಂತ ನೀನು ಹೇಳಿದ ಮೇಲೆ ಫೋನಿನಲ್ಲಿ ಏನೇನಾಯ್ತು ಎಂಬುದನ್ನು ಪುನಃ ಬರೆಯುವುದಿಲ್ಲ. ನಿನಗೂ ನೆನಪುಂಟು, ನನಗೂ ಉಂಟು. ‘ನೋಡದೆ ಮಾತಾಡಬೇಡ ಅಮ್ಮ’ ಅಂದೆಯಲ್ಲ, ಅದೊಂದು ನನಗೆ ತಾಗಿತು. ಹಾಗಾಗಿ ನೋಡಿದೆ. ಟಿವಿಯಲ್ಲಿ ನಿನ್ನ ಖಾತೆ ಹಾಗೇ ಇತ್ತು. ರಾತ್ರಿ ಊಟ ಆದ ಮೇಲೆ ಗೋಣಿ ಹಾಸಿ ಅಡಿಕೆ ಸುಲಿಯುತ್ತಾ ನಿನ್ನ ಆ ಜಪಾನಿನ ಕಾರ್ಟೂನು ಧಾರಾವಾಹಿ ‘ಫ್ರೀರೆನ್’ ಇಪ್ಪತ್ತೆಂಟು ಕಂತೂ ಮುಗಿಸಿದೆ. ಕೆಳಗೆ ಬರುವ ಇಂಗ್ಲಿಷ್ ಸಾಲು ಓದುವುದಾ, ಮೆಟ್ಟುಕತ್ತಿ ನೋಡುವುದಾ? ಬೆರಳಿಗೆ ಎರಡು ಕಡೆ ಪಟ್ಟಿ ಉಂಟು. ಅಪ್ಪ ನಕ್ಕರು, ಮತ್ತೆ ಅವರೂ ಬಂದು ಕೂತರು.

ಈಗ ನಾನು ಮಾತಾಡಬಹುದಲ್ಲ?

ಮೊದಲು ಒಳ್ಳೆಯದು ಹೇಳುತ್ತೇನೆ. ಯುದ್ಧ ಮುಗಿದ ಮೇಲೆ ಕತೆ ಶುರು ಮಾಡುವ ಧೈರ್ಯ ನನಗೆ ಹಿಡಿಸಿತು. ಹತ್ತು ವರ್ಷ ಒಟ್ಟಿಗೆ ತಿರುಗಿದ ನಾಲ್ಕು ಜನ ಊರಿಗೆ ಬರುತ್ತಾರೆ, ಐವತ್ತು ವರ್ಷ ಕಳೆಯುತ್ತದೆ, ವೀರ ಹಿಮೆಲ್ ಮುದುಕನಾಗಿ ಸಾಯುತ್ತಾನೆ, ಸಾವಿರ ವರ್ಷ ಬದುಕುವ ಫ್ರೀರೆನ್‌ಗೆ ಆಗ ಅಳು ಬರುತ್ತದೆ. ಎಲ್ಲರೂ ಅಳುವುದು ಅಲ್ಲಿ ಅಂತ ನೀನು ಹೇಳಿದ್ದೆ. ನನಗೆ ಅಲ್ಲಿ ಬರಲಿಲ್ಲ. ಬಂದದ್ದು ಕುಡುಕ ಪಾದ್ರಿ ಹೈಟರ್ ಇದ್ದಾನಲ್ಲ, ಅವನ ಜಾಗದಲ್ಲಿ. ಅಪ್ಪ ಅಮ್ಮ ಇಲ್ಲದ ಫೆರ್ನ್‌ನನ್ನು ಸಾಕಿದ್ದಾನೆ, ತನಗೆ ಇನ್ನು ಹೆಚ್ಚು ದಿನ ಇಲ್ಲ ಅಂತಲೂ ಗೊತ್ತು. ಓದಲಾಗದ ಹಳೇ ಗ್ರಂಥವೊಂದನ್ನು ಬಿಡಿಸಿಕೊಡು ಅಂತ ನೆಪ ಹೇಳಿ ಫ್ರೀರೆನ್‌ನನ್ನು ಮನೆಯಲ್ಲಿ ನಿಲ್ಲಿಸಿಕೊಳ್ಳುತ್ತಾನೆ. ತಾನು ಕಣ್ಣು ಮುಚ್ಚುವ ಮೊದಲು ಹುಡುಗಿ ಒಂದು ವಿದ್ಯೆ ಕಲಿತು ತನ್ನ ಕಾಲ ಮೇಲೆ ನಿಲ್ಲಬೇಕು, ಅಷ್ಟೇ ಅವನ ಉಪಾಯ. ಕಣಿವೆಯ ಆಚೆಯ ಬಂಡೆಯನ್ನು ಅವಳು ಮಂತ್ರದಿಂದ ತೂತು ಮಾಡಿದಾಗ ನಾನು ಕತ್ತಿ ಬದಿಗಿಟ್ಟೆ. ನಾನು ಬ್ಯಾಂಕು ಬ್ಯಾಂಕು ಅಂತ ತಲೆ ತಿಂದದ್ದು ಮತ್ತೆ ಯಾವುದಕ್ಕೆ ಅಂದುಕೊಂಡೆ ನೀನು?

ಹದಿನೆಂಟನೇ ಕಂತಿನಿಂದ ಮಾತ್ರ ನನಗೆ ಬೇಸರ ಬಂತು. ಮಾಂತ್ರಿಕರಿಗೂ ಪರೀಕ್ಷೆ, ಒಂದನೇ ಸುತ್ತು, ಎರಡನೇ ಸುತ್ತು, ಮೂರನೇ ಸುತ್ತು! ನಿನ್ನ ಕೋಚಿಂಗ್ ಪುಸ್ತಕಗಳೆಲ್ಲ ಇನ್ನೂ ಅಟ್ಟದಲ್ಲುಂಟು ಮಾರಾಯ್ತಿ, ಅದನ್ನು ಟಿವಿಯಲ್ಲಿಯೂ ನೋಡಬೇಕಾ?

ಮತ್ತೊಂದು ತಕರಾರು ಉಂಟು, ಅದು ದೊಡ್ಡದು. ಅಲ್ಲಿಯ ರಾಕ್ಷಸರು ಮನುಷ್ಯರ ಭಾಷೆ ಕಲಿತದ್ದೇ ಮನುಷ್ಯರನ್ನು ಮರುಳು ಮಾಡಿ ತಿನ್ನಲಿಕ್ಕೆ. ಒಂದು ರಾಕ್ಷಸ ಹುಡುಗಿ ಸಾಯುವ ಹೊತ್ತಿಗೆ ‘ಅಮ್ಮಾ’ ಅನ್ನುತ್ತದೆ. ಊರಿನ ಮುಖ್ಯಸ್ಥನ ಮನಸ್ಸು ಕರಗಿ ಉಳಿಸಿ ಸಾಕಿದರೆ, ಕೊನೆಗೆ ಅವನನ್ನೇ ಕೊಲ್ಲುತ್ತದೆ. ಹಾಗೆ ಕರೆದದ್ದು ಯಾಕೆ ಅಂತ ಕೇಳಿದರೆ, ಹಾಗಂದರೆ ನೀವು ಕೊಲ್ಲುವುದಿಲ್ಲವಲ್ಲ ಅನ್ನುವ ಲೆಕ್ಕ. ಆ ರಾತ್ರಿ ನಿದ್ದೆ ಬರಲಿಲ್ಲ. ಬರೆದವರು ಗಟ್ಟಿಗರು, ಒಪ್ಪಿದೆ. ಆದರೆ ರಾಕ್ಷಸನಿಗೆ ಮನಸ್ಸೇ ಇಲ್ಲ ಅಂದುಬಿಟ್ಟರೆ ಕೊಲ್ಲುವವರಿಗೆ ಸುಲಭ ಆಯ್ತಲ್ಲ? ಯಕ್ಷಗಾನಕ್ಕೆ ರಾಮಾಯಣ ಬರೆದ ಪಾರ್ತಿಸುಬ್ಬನ ಊರಿನ ಪಕ್ಕದವರು ನಾವು. ನಮ್ಮ ರಾವಣನಿಗೆ ರಾಮನಷ್ಟೇ ಮಾತುಂಟು, ತಾಳಮದ್ದಳೆಯಲ್ಲಿ ಕೆಲವೊಮ್ಮೆ ಅವನೇ ಗೆದ್ದ ಹಾಗೆ ಕಾಣುವುದೂ ಉಂಟು. ಅದಕ್ಕೆ ನನಗೆ 2025ರ ಸೆಪ್ಟೆಂಬರಿನಲ್ಲಿ ನೀನು ಮಂಗಳೂರಿಗೆ ಕರಕೊಂಡು ಹೋಗಿ ತೋರಿಸಿದ ‘ಡೀಮನ್ ಸ್ಲೇಯರ್’ ಸಿನಿಮಾ ಹೆಚ್ಚು ಸರಿ ಕಂಡದ್ದು. ಗದ್ದಲ ವಿಪರೀತ, ತಲೆನೋವು ಬಂದದ್ದು ಸುಳ್ಳಲ್ಲ. ಆದರೂ ಅದರ ರಾಕ್ಷಸ ಅಕಾಜಾ ಸಾಯುವ ಮೊದಲು, ಅಪ್ಪನ ಮದ್ದಿಗಾಗಿ ಕದಿಯುತ್ತಿದ್ದ ಹುಡುಗ ಅವನು ಅಂತ ತೋರಿಸಿದರಲ್ಲ, ಅದು ನಮ್ಮ ಯಕ್ಷಗಾನದ ಆಟ ಕಟ್ಟುವ ಕ್ರಮ. (ಹಿಂದಿ, ತಮಿಳು, ತೆಲುಗು ಎಲ್ಲದರಲ್ಲಿ ಬಂತು, ಕನ್ನಡಕ್ಕೆ ಜಾಗ ಇಲ್ಲ. ಕಾಸರಗೋಡಿನವರಿಗೆ ಇದೇನು ಹೊಸತಾ.)

ರಾಕ್ಷಸರ ಮಾತು ಬಂದಾಗ ಆ ಬಯಲಾಟದ ರಾತ್ರಿ ಹೇಳದೆ ಇರಲಿಕ್ಕೆ ಆಗುವುದಿಲ್ಲ. ನಿನಗೆ ಶಾಲೆ ಇನ್ನೂ ಶುರುವಾಗಿರಲಿಲ್ಲ. ಮಧ್ಯರಾತ್ರಿ ನನಗೆ ಒಂದು ಜೊಂಪು ಹತ್ತಿತು. ಎಚ್ಚರ ಆಗುವಾಗ ಮಡಿಲಿನಲ್ಲಿ ಶಾಲು ಮಾತ್ರ ಇತ್ತು. ಚರುಮುರಿ ಅಂಗಡಿ ನೋಡಿದೆ, ಬಲೂನಿನವನನ್ನು ಕೇಳಿದೆ, ಚೆಂಡೆಯ ಶಬ್ದದಲ್ಲಿ ನನ್ನ ಕೂಗು ನನಗೇ ಕೇಳುತ್ತಿರಲಿಲ್ಲ. ಆಮೇಲೆ ದೇವಸ್ಥಾನದ ಕೆರೆಗೆ ಹೋದೆ. ಯಾರಿಗೂ ಹೇಳದೆ ಮೊದಲು ಅಲ್ಲಿಗೇ ಹೋಗಬೇಕು ಅಂತ ಕಾಲು ಎಳೆಯುತ್ತಿತ್ತು. ಟಾರ್ಚ್ ಇರಲಿಲ್ಲ. ರಂಗಸ್ಥಳದ ಬೆಳಕು ಒಂದು ಮೂಲೆಗೆ ಬೀಳುತ್ತಿತ್ತು, ಅಲ್ಲಿ ಏನೋ ಬಿಳಿ ಕಂಡಿತು, ತೆಂಗಿನ ಗರಿ. ಬಗ್ಗಿ ನೋಡಿದೆ, ಪುನಃ ನೋಡಿದೆ. ಆ ನೀರು ನನಗೆ ಈಗಲೂ ಕಾಣುತ್ತದೆ, ನೀನು ಫೋನ್ ಎತ್ತದ ದಿನವೆಲ್ಲ ಕಾಣುತ್ತದೆ. ಇಷ್ಟೆಲ್ಲ ಆಗುವಾಗ ನೀನೋ ವೇಷ ಕಟ್ಟುವ ಚೌಕಿಯಲ್ಲಿ ಬಣ್ಣದ ವೇಷದವರ ಎದುರು ಚಕ್ಕಳಮಕ್ಕಳ ಹಾಕಿ ಕೂತಿದ್ದೆ. ಅಕ್ಕಿಹಿಟ್ಟು ಸುಣ್ಣ ಕಲಸಿದ್ದನ್ನು ಸಣ್ಣ ಕಡ್ಡಿಯಲ್ಲಿ ಮುಟ್ಟಿ ಮುಟ್ಟಿ ಅವರು ಮುಖಕ್ಕೆ ಬಿಳಿ ಚುಕ್ಕೆಯ ಚಿಟ್ಟಿ ಇಡುತ್ತಿದ್ದರು, ಅರ್ಧ ಮುಖ ಮನುಷ್ಯನದ್ದು, ಅರ್ಧ ಆಗಲೇ ರಾಕ್ಷಸನದ್ದು. ನೀನು ರೆಪ್ಪೆ ಹಾಕುತ್ತಿರಲಿಲ್ಲ. ‘ಗಲಾಟೆ ಇಲ್ಲ ಅಕ್ಕ, ಕೂತುಕೊಳ್ಳಲಿ’ ಅಂದರು ಅವರು. ನಾನು ನಿನ್ನನ್ನು ಎಳಕೊಂಡು ಬಂದದ್ದು, ಆಮೇಲೆ ಮಾಡಿದ್ದು ಬಿಡು. ಮರುದಿನ ನೀನು ಜಗಲಿಯಲ್ಲಿ ಇದ್ದಿಲಿನಿಂದ ಬರೆದ ಮುಖ ಈಗಲೂ ಉಂಟು, ಸುಣ್ಣ ಬಳಿಯುವಾಗ ಅಪ್ಪ ಅಷ್ಟು ಗೋಡೆ ಬಿಟ್ಟೇ ಬಳಿಸುತ್ತಾರೆ. ಕೆರೆಯ ಮೆಟ್ಟಿಲು ಪಾಚಿ ಹಿಡಿದಿತ್ತು ಅಂತ ಹೇಳಿದೆನಾ? ಹೇಳದಿದ್ದರೆ ಈಗ ಹೇಳಿದೆ.

ನೀನು ಬಿಟ್ಟುಹೋದ ‘ಫೋರ್ತ್ ವಿಂಗ್’ ಕಾದಂಬರಿ ಕೂಡ ಓದಿದೆ. ಕೆಲವು ಪುಟ ನೀನು ಮನೆಯಲ್ಲಿದ್ದರೆ ಓದಲಿಕ್ಕಾಗುತ್ತಿರಲಿಲ್ಲ, ಆ ವಿಷಯ ಬೇಡ. ಬರವಣಿಗೆ ಸಾಧಾರಣ, ಓಟ ಚೆನ್ನಾಗಿ ಉಂಟು. ಅದರಲ್ಲಿ ಮಗಳಿಗೆ ಗ್ರಂಥಗಳ ನಡುವೆ ಕೂರುವ ಆಸೆ, ಸೇನಾಧಿಪತಿ ಅಮ್ಮ ಅವಳನ್ನು ಡ್ರ್ಯಾಗನ್ ಸವಾರಿಗೆ ನೂಕುತ್ತಾಳೆ. ನಮ್ಮ ಮನೆಯಲ್ಲಿ ಉಲ್ಟಾ. ಮೊದಲನೇ ದಿನವೇ ಹಿಡಿಯಲಿಕ್ಕೆ ಕಂಬಿ ಇಲ್ಲದ ಕಲ್ಲಿನ ಸೇತುವೆ, ಜಾರಿದವರು ಸತ್ತರು. ಅಂಥ ಕಡೆಗೆ ಮಗಳನ್ನು ಕಳಿಸುವವಳೂ ಒಬ್ಬಳು ಅಮ್ಮನಾ ಅಂತ ಬೈದುಕೊಂಡೇ ಓದಿದೆ.

ಉಪದೇಶ ಮಾಡುವುದಿಲ್ಲ ಅಂತಲೇ ಕೂತದ್ದು. ಆದರೂ ಕೇಳು. 2023ರಲ್ಲಿ, 2024ರಲ್ಲಿ ಜಗತ್ತಿನಾದ್ಯಂತ ಗೇಮ್ ಕಂಪೆನಿಗಳಿಂದ ಸಾವಿರಾರು ಜನರನ್ನು ತೆಗೆದುಹಾಕಿದರಂತಲ್ಲ. ಸೋನಿಯಂಥ ಸೋನಿಯ ‘ಕಾನ್ಕಾರ್ಡ್’ ಆಟ 2024ರ ಆಗಸ್ಟ್ 23ಕ್ಕೆ ಬಂದು ಸೆಪ್ಟೆಂಬರ್ 6ಕ್ಕೆ ಬಾಗಿಲು ಹಾಕಿತು, ಮಾಡಿದ ಸ್ಟುಡಿಯೋವನ್ನೂ ಮುಚ್ಚಿದರು. ನಮ್ಮ ಅಡಿಕೆಯ ಕೊಳೆರೋಗವೂ ತೋಟವನ್ನು ಇಷ್ಟು ಬೇಗ ಮುಗಿಸುವುದಿಲ್ಲ. ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿ ಮುಟ್ಟದೆ ಇಡು. ಆಫರ್ ಕಾಗದ ಸರಿಯಾಗಿ ಓದು, ಬಿಡುವಾಗ ಎಷ್ಟು ದಿನದ ನೋಟಿಸು ಅಂತ ನೋಡು. ಮಣಿಕಟ್ಟು ನೋವು ಬಂದರೆ ಸುಮ್ಮನಿರಬೇಡ. ರಾತ್ರಿ ಎರಡರ ತನಕ ಕೂರಿಸಿದರೆ ಆಗುವುದಿಲ್ಲ ಅಂತ ಹೇಳಲಿಕ್ಕೆ ಕಲಿ. ನನ್ನ ಹತ್ತಿರ ಅಷ್ಟು ಜೋರು ಹೇಳುತ್ತೀಯಲ್ಲ, ಅಲ್ಲಿಯೂ ಹೇಳು.

ನೀನು ಆಡುತ್ತಿದ್ದ ‘ವುಕಾಂಗ್’ ಹನುಮಂತನಲ್ಲ, ಚೀನಾದ ಹಳೇ ಕತೆಯ ಮಂಗರಾಜನ ಆಟ ಅಂತ ಈಗ ಗೊತ್ತಾಯ್ತು. ಅದಕ್ಕೆ ನಿಜವಾದ 36 ಜಾಗಗಳನ್ನು ಬಳಸಿದ್ದಾರೆ, 27 ಶಾಂಶಿ ಎಂಬ ಒಂದೇ ಪ್ರಾಂತ್ಯದವು, ಆಟ ಆಡಿದವರೆಲ್ಲ ಆ ದೇವಸ್ಥಾನ ನೋಡಲಿಕ್ಕೆ ಹೋದರಂತೆ. ನಮ್ಮ ಕಾಸರಗೋಡಿನ ಕಡೆಯ ಮಧೂರು ದೇವಸ್ಥಾನದ ಆನೆ ಬೆನ್ನಿನ ಆಕಾರದ ಗರ್ಭಗುಡಿ, ಅದರ ತಾಮ್ರದ ಮಾಡು, ಅನಂತಪುರದ ಸರೋವರದ ನಡುವಿನ ಗುಡಿ, ಇವನ್ನು ಯಾರು ಬರೆಯುತ್ತಾರೆ? ಪುಣೆಯವರೇ 2020ರಲ್ಲಿ ‘ರಾಜಿ’ ಅಂತ ಮಾಡಿದ್ದಾರಲ್ಲ, ತಮ್ಮನನ್ನು ಹುಡುಕಿಕೊಂಡು ಹೋಗುವ ಹುಡುಗಿಯದ್ದು. ಹಾಗೆ ಆಗಲಿಕ್ಕೆ ಆಗುತ್ತದೆ ಅಂತ ಆಯ್ತಲ್ಲ. ಹಾಗಂತ ನಾನು ಒಪ್ಪಿದೆ ಅಂತ ತಿಳಿಯಬೇಡ. ಅಂದು ಆಡಿದ ಮಾತಿನಲ್ಲಿ ‘ಗೊಂಬೆ ಬರೆಯುವವಳು’ ಎಂಬುದೊಂದನ್ನು ಹಿಂದೆ ತೆಗೆದುಕೊಂಡಿದ್ದೇನೆ, ಉಳಿದದ್ದು ಹಾಗೇ ಉಂಟು. ಮೊನ್ನೆ ಮದುವೆ ಮನೆಯಲ್ಲಿ ಯಾರೋ ಕೇಳಿದರು, ಮಗಳು ಬ್ಯಾಂಕಿನಲ್ಲಾ ಅಂತ. ಇಲ್ಲ, ಪುಣೆಯಲ್ಲಿ ಆರ್ಟಿಸ್ಟ್ ಅಂದೆ. ನನ್ನ ಬಾಯಿಂದಲೇ ಬಂತು.

ಹಲಸಿನ ಹಪ್ಪಳ, ಮಾವಿನಹಣ್ಣಿನ ಮಾಂಬಳ ಕಟ್ಟಿಟ್ಟಿದ್ದೇನೆ. ರೈಲು ಯಾವ ದಿನ ಅಂತ ಹೇಳಿದರೆ ಅಪ್ಪ ಕಾಸರಗೋಡು ಸ್ಟೇಷನ್ನಿಗೆ ತರುತ್ತಾರೆ, ನಾನೂ ಬರುತ್ತೇನೆ. ರೂಮಿನ ಅಡ್ವಾನ್ಸ್ ಎಷ್ಟು ಅಂತ ನಾಚಿಕೆ ಬಿಟ್ಟು ಬರೆ.

ಫ್ರೀರೆನ್ ಎರಡನೇ ಸೀಸನ್ ಹಾಕಲಿಕ್ಕೆ ಹೋದರೆ ನಿನ್ನೆಯಿಂದ ಖಾತೆ ತೆರೆಯುತ್ತಿಲ್ಲ. ಪಾಸ್‌ವರ್ಡ್ ನೀನೇ ಬದಲಿಸಿದ್ದಾ? ಸಿಟ್ಟು ನನ್ನ ಮೇಲೆ ಇದ್ದರೆ ಇರಲಿ, ಅಪ್ಪನಿಗಾದರೂ ಹೊಸತು ಕಳಿಸು.

ನಿನ್ನ
ಅಮ್ಮ