ನಿಂತಲ್ಲಿ ಆಫ್ ಆಗುವ ಗಾಡಿಗೆ ಸ್ಕ್ರೂ ತಿರುಗಿಸುವ ಮೊದಲು

ಮಾನ್ಯ ಸಂಪಾದಕರೇ,

ಹಳೇ ಗಾಡಿ ನಿಂತಲ್ಲಿ ಆಫ್ ಆದರೆ ನಮ್ಮ ಕಡೆ ಅದನ್ನು ಯಾರೂ ಕಾಯಿಲೆ ಅಂತ ಎಣಿಸುವುದಿಲ್ಲ. ‘ಸ್ವಲ್ಪ ರೇಸ್ ಕೊಟ್ಕೊಂಡಿರಿ, ಹಳೇ ಗಾಡಿ ಅಲ್ವಾ’ ಅನ್ನುತ್ತಾರೆ. ನಾನೂ ಎರಡು ತಿಂಗಳು ಹಾಗೇ ರೇಸ್ ಕೊಟ್ಟುಕೊಂಡು ಓಡಿಸಿದೆ. ಆಮೇಲೆ ಒಂದು ಸಂಜೆ ನಾಲ್ಕು ಜನ ಆಳುಗಳನ್ನು ಹಿಂದೆ ಕೂರಿಸಿಕೊಂಡು ಬರುವಾಗ ಗಾಡಿಯನ್ನು ರಸ್ತೆ ಪಕ್ಕದ ಮಣ್ಣಿನ ದರೆಗೆ ಗುದ್ದಿಸಬೇಕಾಯಿತು. ಕಾರ್ಬರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ) ಇರುವ ಮಾರುತಿ ಜಿಪ್ಸಿ, ಜೀಪು ಮಲೆನಾಡಿನ ತೋಟಗಳಲ್ಲಿ ಇನ್ನೂ ಓಡುತ್ತಿವೆ. ಅದನ್ನು ಓಡಿಸುವವರಿಗೆ ಈ ವಿಷಯ ತಲುಪಲಿ ಅಂತ ಬರೆಯುತ್ತಿದ್ದೇನೆ. ದಯವಿಟ್ಟು ಪ್ರಕಟಿಸಿ.

ನಮ್ಮದು ಸಕಲೇಶಪುರ ತಾಲ್ಲೂಕು, ಹೆತ್ತೂರು ಹೋಬಳಿ. 12 ಎಕರೆ ಕಾಫಿ, ಮಧ್ಯೆ ಮೆಣಸು. ಗಾಡಿ 1998ರ ಜಿಪ್ಸಿ ಕಿಂಗ್. ಜಿಪ್ಸಿ 1985ರಲ್ಲಿ ಬಂದಾಗ 970 ಸಿಸಿ ಇಂಜಿನ್ ಇತ್ತು. 1996ರಲ್ಲಿ 1.3 ಲೀಟರ್‌ನ ಕಿಂಗ್ ಬಂತು. 2000ದಲ್ಲಿ ಎಂಪಿಎಫ್‌ಐ (ಕಂಪ್ಯೂಟರ್ ಅಳತೆಯಲ್ಲಿ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ) ಬಂದು ಕಾರ್ಬರೇಟರ್ ಹೋಯಿತು. ನಮ್ಮದು ಅದಕ್ಕೆ ಎರಡು ವರ್ಷ ಹಿಂದಿನದು. ನಮ್ಮ ಯಜಮಾನರು ಹಾಸನದಲ್ಲಿ ಸೆಕೆಂಡ್ ಹ್ಯಾಂಡ್ ತಂದಿದ್ದು. ಅವರು ತೀರಿಕೊಂಡ ಮೇಲೆ ನಾನೇ ಓಡಿಸುತ್ತಿದ್ದೇನೆ. ಮಳೆಗಾಲದಲ್ಲಿ ನಮ್ಮ ಕೆಳಗಿನ ತೋಟಕ್ಕೆ ಬೇರೆ ಯಾವ ಗಾಡಿಯೂ ಇಳಿಯುವುದಿಲ್ಲ. ಇಳಿದರೆ ಹತ್ತುವುದಿಲ್ಲ.

ತೊಂದರೆ ಶುರುವಾಗಿದ್ದು ಹಣ್ಣು ಕೊಯ್ಲಿನ ಹೊತ್ತಿಗೆ. ಬೆಳಿಗ್ಗೆ ಚೋಕ್ (ತಣ್ಣಗಿನ ಇಂಜಿನ್ನಿಗೆ ಪೆಟ್ರೋಲ್ ಜಾಸ್ತಿ ಕೊಡುವ ಗುಂಡಿ) ಎಳೆದು ಸ್ಟಾರ್ಟ್ ಮಾಡಿದರೆ ಇಂಜಿನ್ ಆಫ್ ಆಗದೆ ಚೆನ್ನಾಗಿ ಓಡುತ್ತಿತ್ತು. ಇಂಜಿನ್ ಬಿಸಿಯಾಗಿ ಚೋಕ್ ಒಳಗೆ ತಳ್ಳಿದ ಕೂಡಲೇ ನಡುಗುತ್ತಿತ್ತು, ಆಮೇಲೆ ಆಫ್. ರೋಡಿನಲ್ಲಿ ಹೋಗುವಾಗ ಏನೂ ಗೊತ್ತಾಗುತ್ತಿರಲಿಲ್ಲ. ಪಿಕಪ್ ಇತ್ತು, ಏರಿ ಹತ್ತುತ್ತಿತ್ತು. ಗೇಟಿನ ಹತ್ತಿರ ನಿಲ್ಲಿಸಿದರೆ ಮಾತ್ರ ಸದ್ದೇ ಇಲ್ಲ.

ಮೊದಲು ತೋರಿಸಿದ ಗ್ಯಾರೇಜಿನವರು ನೋಡಿದ್ದು ಎರಡೇ ನಿಮಿಷ. ಸ್ಕ್ರೂ ಡ್ರೈವರ್ ತಗೊಂಡು ಐಡಲ್ ಸ್ಕ್ರೂ (ಗಾಡಿ ನಿಂತಾಗ ಇಂಜಿನ್ ಓಡುವ ವೇಗ ಹೊಂದಿಸುವುದು) ಒಳಗೆ ತಿರುಗಿಸಿದರು, ಮಿಕ್ಸ್‌ಚರ್ ಸ್ಕ್ರೂ (ಹೊರಗೆ ಬಂದಷ್ಟೂ ಪೆಟ್ರೋಲ್ ಜಾಸ್ತಿ ಬಿಡುವುದು) ಹೊರಗೆ ತಿರುಗಿಸಿದರು. ಇಂಜಿನ್ ಆಫ್ ಆಗದೆ ಜೋರಾಗಿ ಓಡತೊಡಗಿತು. 150 ರೂಪಾಯಿ ಕೊಟ್ಟು ಬಂದೆ. ಇಳಿಜಾರಿಗೆ ಬಂದಾಗ ಗೊತ್ತಾಯಿತು, ಇದು ರಿಪೇರಿ ಅಲ್ಲ. ಫೋರ್ ವೀಲ್ ಲೋ (ನಾಲ್ಕೂ ಚಕ್ರಕ್ಕೆ ಬಲ ಕೊಡುವ ನಿಧಾನದ ಗೇರ್) ಹಾಕಿ ಫಸ್ಟ್ ಗೇರಿನಲ್ಲಿ ಇಳಿಯುವಾಗ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳಬೇಕು. ಐಡಲ್ ಜಾಸ್ತಿ ಮಾಡಿಟ್ಟರೆ ಹಿಡಿದುಕೊಳ್ಳುವ ಬದಲು ಅದೇ ಮುಂದಕ್ಕೆ ತಳ್ಳುತ್ತದೆ. ಕೆಸರಿನ ಇಳಿಜಾರಿನಲ್ಲಿ ಬ್ರೇಕ್ ಮುಟ್ಟಿದರೆ ಚಕ್ರ ಲಾಕ್ ಆಗಿ ಜಾರುತ್ತದೆ, ಮುಟ್ಟದಿದ್ದರೆ ಇಂಜಿನ್ ತಳ್ಳುತ್ತದೆ. ಅನುಭವ ಇದ್ದವರಿಗೆ ಹೇಳಬೇಕಾಗಿಲ್ಲ.

ಎರಡನೇ ಗ್ಯಾರೇಜಿನಲ್ಲಿ ಪೆಟ್ರೋಲ್ ಸರಿಯಿಲ್ಲ ಅಂದರು. ಎಥೆನಾಲ್ ಕಾರಣ, ಕಾರ್ಬರೇಟರ್ ಹೋಗಿದೆ, ಹೊಸದು ಹಾಕಬೇಕು, 13,000 ಆಗುತ್ತದೆ ಅಂತ ಲೆಕ್ಕ ಕೊಟ್ಟರು. ಎಥೆನಾಲ್ ವಿಷಯದಲ್ಲಿ ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಚಾಲನೆ ಕೊಟ್ಟರು. ಎಥೆನಾಲ್ ನೀರನ್ನು ಹೀರುತ್ತದೆ. ಹಳೇ ಕಾಲದ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಅದರಲ್ಲೇ ಆಮ್ಲಜನಕ ಇರುವುದರಿಂದ ಹಳೇ ಜೆಟ್ಟಿನಲ್ಲಿ (ಪೆಟ್ರೋಲ್ ಅಳೆದು ಬಿಡುವ ಸಣ್ಣ ಕಿಂಡಿ) ಮಿಶ್ರಣ ಸ್ವಲ್ಪ ತೆಳುವಾಗುತ್ತದೆ. ಹೊಸ ಗಾಡಿಯಲ್ಲಿ ಕಂಪ್ಯೂಟರ್ ತಾನೇ ಸರಿ ಮಾಡಿಕೊಳ್ಳುತ್ತದೆ, ಕಾರ್ಬರೇಟರಿಗೆ ಆ ಬುದ್ಧಿ ಎಲ್ಲಿಂದ ಬರಬೇಕು? ಹಾಗಂತ ನೋಡದೇ ಎಲ್ಲದಕ್ಕೂ ಪೆಟ್ರೋಲನ್ನೇ ಬೈದು 13,000ದ ಬಿಲ್ ಬರೆಯುವುದು ತಪ್ಪು. ನಮ್ಮ ಗಾಡಿಯಲ್ಲಿ ಕೆಟ್ಟಿದ್ದ ಜಾಗಕ್ಕೆ ಪೆಟ್ರೋಲಿನ ಒಂದು ಹನಿಯೂ ಹೋಗುವುದಿಲ್ಲ.

ಈ ಮಧ್ಯೆ ಹೊಗೆ ತಪಾಸಣೆಯ ಅವಧಿ ಮುಗಿದಿತ್ತು ಅಂತ ಮತ್ತೆ ಮಾಡಿಸಲು ಹೋದೆ. ನಮ್ಮಂಥ ಹಳೇ ಪೆಟ್ರೋಲ್ ಗಾಡಿಗೆ ಇಂಗಾಲದ ಮಾನಾಕ್ಸೈಡ್ ಶೇ 3ರ ಒಳಗೆ ಇರಬೇಕು. ನಮ್ಮದು 4.1 ತೋರಿಸಿತು. ಮಿಕ್ಸ್‌ಚರ್ ಸ್ಕ್ರೂ ಅಷ್ಟು ಬಿಚ್ಚಿಟ್ಟ ಮೇಲೆ ಇನ್ನೇನಾಗುತ್ತದೆ? ಅಲ್ಲಿದ್ದ ಹುಡುಗ ‘ಅಕ್ಕಾ, ಸ್ಕ್ರೂ ಸ್ವಲ್ಪ ಟೈಟ್ ಮಾಡಿಸ್ಕೊಂಡು ಬನ್ನಿ, ಪಾಸ್ ಆಗುತ್ತೆ’ ಅಂದ. ಮಾಡಿಸಿದೆ. ಪಾಸಾಯಿತು. ಮನೆಗೆ ಬರುವಷ್ಟರಲ್ಲಿ ಮತ್ತೆ ನಿಂತಲ್ಲೆಲ್ಲ ಆಫ್.

ಅದೇ ವಾರ ಆ ಸಂಜೆ ಬಂತು. ಕೆಳಗಿನ ತೋಟದಿಂದ ಮೇಲೆ ಬಂದು, ಊರಿನ ಕಡೆ ಇಳಿಯುವ ತಿರುವು. ಗೇರ್ ಬದಲಿಸಲು ಕ್ಲಚ್ ಒತ್ತಿದೆ, ಕಾಲು ಆಕ್ಸಿಲರೇಟರಿನಿಂದ ಎದ್ದಿತು, ಇಂಜಿನ್ ಆಫ್ ಆಯಿತು. ಬ್ರೇಕ್ ತುಳಿದೆ. ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಎರಡೂ ಕಾಲಿಟ್ಟು ಒತ್ತಿದರೂ ಗಾಡಿ ನಿಧಾನವಾಗುತ್ತಿದೆಯೇ ಹೊರತು ನಿಲ್ಲುತ್ತಿಲ್ಲ. ಬಲಕ್ಕೆ ಪ್ರಪಾತ, ಎಡಕ್ಕೆ ದರೆ. ಎಡಕ್ಕೆ ತಿರುಗಿಸಿ ಹ್ಯಾಂಡ್ ಬ್ರೇಕ್ ಎಳೆದೆ. ಬಂಪರ್ ಮಣ್ಣಿನೊಳಗೆ ಹೊಕ್ಕು ನಿಂತಿತು. ಹಿಂದಿದ್ದ ಹಾಲಿನ ಕ್ಯಾನು ಉರುಳಿ ಮುಂದೆ ಬಂತು. ಯಾರಿಗೂ ಪೆಟ್ಟಾಗಲಿಲ್ಲ. ನನ್ನ ಕೈ ನಡುಕ ನಿಲ್ಲಲು ತುಂಬಾ ಹೊತ್ತು ಬೇಕಾಯಿತು. ಹಿಂದೆ ಕೂತಿದ್ದವರಲ್ಲಿ ಒಬ್ಬಾಕೆ ಕೈಗೂಸಿನ ತಾಯಿ.

ಮರುದಿನ ನೆಂಟರೊಬ್ಬರು ಹಾಸನದ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಮನೆಗೇ ಕರೆತಂದರು. ಅವರು ಬಾನೆಟ್ ತೆಗೆಯುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ.

‘ಬ್ರೇಕ್ ಎಷ್ಟನೇ ತುಳಿತಕ್ಕೆ ಗಟ್ಟಿ ಆಯ್ತು ಅಕ್ಕಾ?’

‘ಮೊದಲನೇದಕ್ಕೇ.’

ಕೈಯಲ್ಲಿದ್ದ ಸ್ಕ್ರೂ ಡ್ರೈವರನ್ನು ವಾಪಸ್ ಚೀಲಕ್ಕೆ ಹಾಕಿದರು. ‘ಹಂಗಾದ್ರೆ ಕಾರ್ಬರೇಟರ್ ಮುಟ್ಟೋದು ಬೇಡ’ ಅಂದರು.

ಅವರು ವಿವರಿಸಿದ್ದು ಹೀಗೆ. ಜಿಪ್ಸಿಯ ಬ್ರೇಕಿಗೆ ಕಾಲಿನ ತುಳಿತಕ್ಕೆ ಬಲ ಕೂಡಿಸುವ ಒಂದು ಬೂಸ್ಟರ್ ಇದೆ. ಇಂಜಿನ್ ಗಾಳಿ ಎಳೆದುಕೊಳ್ಳುವ ಶಕ್ತಿಯಿಂದಲೇ ಅದು ಕೆಲಸ ಮಾಡುತ್ತದೆ. ಮ್ಯಾನಿಫೋಲ್ಡಿನಿಂದ (ಇಂಜಿನ್ನಿಗೆ ಗಾಳಿ, ಪೆಟ್ರೋಲ್ ಹೋಗುವ ಕೊಳವೆ) ಬೂಸ್ಟರಿಗೆ ಒಂದು ದಪ್ಪ ರಬ್ಬರ್ ಪೈಪ್ ಹೋಗುತ್ತದೆ, ಮಧ್ಯೆ ಗಾಳಿ ಹಿಂದಕ್ಕೆ ಹೋಗದ ಹಾಗೆ ವಾಲ್ವ್ ಇರುತ್ತದೆ. ಆ ವಾಲ್ವ್ ಇರುವುದರಿಂದ ಇಂಜಿನ್ ಆಫ್ ಆದರೂ ಒಂದೆರಡು ತುಳಿತಕ್ಕೆ ಬೂಸ್ಟರಿನಲ್ಲಿ ಬಲ ಉಳಿದಿರಬೇಕು. ಮೊದಲ ತುಳಿತಕ್ಕೇ ಗಟ್ಟಿಯಾಯಿತು ಅಂದರೆ ಉಳಿದಿಲ್ಲ, ಎಲ್ಲೋ ಸೋರಿದೆ. ಅದೇ ತೂತಿನಿಂದ ಇಂಜಿನ್ನೂ ಹೊರಗಿನ ಗಾಳಿ ಕುಡಿಯುತ್ತಿದೆ. ಎಳನೀರಿನ ಸ್ಟ್ರಾ ಬಿರುಕು ಬಿಟ್ಟರೆ ಎಷ್ಟು ಎಳೆದರೂ ಬರೀ ಗಾಳಿ ಬರುತ್ತದಲ್ಲ, ಹಾಗೆ. ಐಡಲಿಂಗಿನಲ್ಲಿ, ಅಂದರೆ ಗಾಡಿ ನಿಂತು ಇಂಜಿನ್ ಓಡುತ್ತಿರುವಾಗ, ಗಾಳಿಯ ದಾರಿಯ ಥ್ರಾಟಲ್ ತಟ್ಟೆ ಹೆಚ್ಚುಕಮ್ಮಿ ಮುಚ್ಚಿರುತ್ತದೆ. ಇಂಜಿನ್ ಅತಿ ಜೋರಾಗಿ ಎಳೆಯುವುದು ಆಗಲೇ. ಅದಕ್ಕೇ ಸಣ್ಣ ಬಿರುಕಾದರೂ ನಿಂತಾಗ ಕಾಟ ಕೊಡುತ್ತದೆ, ಓಡುವಾಗ ಮರೆಯಾಗುತ್ತದೆ. ಚೋಕ್ ಎಳೆದರೆ ಸರಿಯಾಗುತ್ತಿದ್ದದ್ದೂ ಅದಕ್ಕೇ. ಜಾಸ್ತಿ ಬಂದ ಗಾಳಿಗೆ ಜಾಸ್ತಿ ಪೆಟ್ರೋಲ್ ಸಿಗುತ್ತಿತ್ತು.

ಬಿರುಕು ಹುಡುಕಿದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನಮ್ಮ ತೋಟದ ನೀರಿನ ಪೈಪಿನಿಂದ ಮೊಳದಷ್ಟು ತುಂಡು ಕೊಯ್ದುಕೊಂಡರು. ಒಂದು ತುದಿ ಕಿವಿಗೆ, ಇನ್ನೊಂದು ತುದಿಯನ್ನು ಇಂಜಿನ್ನಿನ ಒಂದೊಂದು ಪೈಪಿನ ಹತ್ತಿರ ನಿಧಾನಕ್ಕೆ ಆಡಿಸಿದರು, ಡಾಕ್ಟರು ಎದೆ ನೋಡುವ ಹಾಗೆ. ಬೂಸ್ಟರಿನ ಕ್ಲಿಪ್ಪಿನ ಹತ್ತಿರ ಬಂದಾಗ ನನ್ನ ಕಿವಿಗೆ ಕೊಟ್ಟರು. ‘ಸುಯ್’ ಅಂತ ಸಣ್ಣ ಸದ್ದು. ಫ್ಯಾನಿನ ಗದ್ದಲದಲ್ಲಿ ಬರಿಗಿವಿಗೆ ಕೇಳಿಸುವಂಥದ್ದಲ್ಲ. ಪೈಪಿನ ಮೇಲ್ಭಾಗ ಕಪ್ಪಗೆ, ಚೆನ್ನಾಗಿಯೇ ಇತ್ತು. ಅಡಿಯಲ್ಲಿ ಬೆರಳು ಹಾಕಿ ಬಗ್ಗಿಸಿದರೆ ಕ್ಲಿಪ್ಪಿನ ಪಕ್ಕದಲ್ಲೇ ಬಾಯಿ ಬಿಡುತ್ತಿತ್ತು. ಇಂಜಿನ್ ಓಡುತ್ತಿರುವಾಗಲೇ ಅವರು ಮ್ಯಾನಿಫೋಲ್ಡಿನ ಕಡೆ ಪೈಪಿಗೆ ಬಟ್ಟೆ ಸುತ್ತಿ ಕಟಿಂಗ್ ಪ್ಲೇಯರಿನಲ್ಲಿ ಅಮುಕಿ ಹಿಡಿದರು. ನಡುಗುತ್ತಿದ್ದ ಇಂಜಿನ್ ತಟ್ಟನೆ ಸಮಾಧಾನವಾಯಿತು. ಬಿಟ್ಟರೆ ಮತ್ತೆ ನಡುಕ. ಎರಡು ತಿಂಗಳ ಗೋಳು ಅಷ್ಟರಲ್ಲಿ ಬಯಲಾಯಿತು.

ಹೊಸ ಪೈಪು, ಕ್ಲಿಪ್ಪು ಸೇರಿ 380 ರೂಪಾಯಿ. ಪೆಟ್ರೋಲಿಗೆ ಬಳಸುವ ಪೈಪನ್ನೋ ನೀರಿನ ಪೈಪನ್ನೋ ಇಲ್ಲಿಗೆ ಹಾಕಬಾರದು, ಎಳೆತಕ್ಕೆ ಅಪ್ಪಚ್ಚಿಯಾಗುತ್ತದೆ, ಬೂಸ್ಟರಿನದ್ದೇ ಬೇಕು ಅಂತ ಖಡಾಖಂಡಿತ ಹೇಳಿದರು.

ಆಮೇಲೆ ಕಾರ್ಬರೇಟರಿಗೆ ಕೈ ಹಾಕಿದರು, ಏಕೆಂದರೆ ಎರಡು ತಿಂಗಳಿಂದ ಎಲ್ಲರೂ ತಿರುಗಿಸಿದ್ದನ್ನು ಸರಿ ಮಾಡಬೇಕಿತ್ತು. ಮಿಕ್ಸ್‌ಚರ್ ಸ್ಕ್ರೂ ಎಷ್ಟು ಸುತ್ತು ಹೊರಗಿದೆ ಅಂತ ಮೊದಲು ಎಣಿಸಿ ಗೋಡೆ ಮೇಲೆ ಬರೆದರು. ನಾಲ್ಕು ಸುತ್ತಿತ್ತು. ಒಳಗೆ ಕೂರಿಸುವಾಗ ಎರಡೇ ಬೆರಳು. ಬಿಗಿ ಮಾಡಿದರೆ ಅದರ ಸೂಜಿಮೊನೆಗೆ ಗೆರೆ ಬಿದ್ದು ಮತ್ತೆಂದೂ ಟ್ಯೂನ್ ಆಗುವುದಿಲ್ಲವಂತೆ. ಐಡಲ್ ಜೆಟ್ ಬಿಚ್ಚಿ ಬೆಳಕಿಗೆ ಹಿಡಿದು ತೋರಿಸಿದರು. ಕೂದಲು ತೂರುವಷ್ಟು ಕಿಂಡಿ. ಅದಕ್ಕೆ ತಂತಿ, ಸೂಜಿ ಹಾಕಬಾರದು, ಕಿಂಡಿ ದೊಡ್ಡದಾಗುತ್ತದೆ. ಕ್ಲೀನರ್ ಹೊಡೆದು ಗಾಳಿ ಊದಿದರು. ಇಂಜಿನ್ ಪೂರ್ತಿ ಬಿಸಿಯಾಗಿ, ಚೋಕ್ ಪೂರ್ತಿ ಒಳಗೆ ಹೋದ ಮೇಲೆ ಮಾತ್ರ ಟ್ಯೂನಿಂಗ್. ಮಿಕ್ಸ್‌ಚರ್ ಸ್ಕ್ರೂ ತಿರುಗಿಸುತ್ತ ಇಂಜಿನ್ ಎಲ್ಲಿ ಅತಿ ನುಣ್ಣಗೆ ಓಡುತ್ತದೋ ಅಲ್ಲಿ ನಿಲ್ಲಿಸು, ಐಡಲ್ ಇಳಿಸು, ಮತ್ತೆ ಮಿಕ್ಸ್‌ಚರ್ ನೋಡು. ಮೂರು ಸಲ ಹೀಗೆ ಮಾಡಿ 850 ಆರ್‌ಪಿಎಂ ಹತ್ತಿರ ಕೂರಿಸಿದರು. ಸ್ಕ್ರೂ ಎರಡೂವರೆ ಸುತ್ತಿಗೆ ಬಂದು ನಿಂತಿತ್ತು. ಮರುವಾರ ಹೊಗೆ ಪರೀಕ್ಷೆ ಮತ್ತೆ ಮಾಡಿಸಿದೆ, ಸುಮ್ನೆ ನೋಡೋಣ ಅಂತ. 1.6 ಬಂತು.

ಅವರು ಹೋಗುವಾಗ ಕಲಿಸಿದ ಒಂದು ಪರೀಕ್ಷೆಯನ್ನು ಓದುಗರಿಗೂ ಹೇಳುತ್ತೇನೆ. ಖರ್ಚಿಲ್ಲ, ಒಂದು ನಿಮಿಷ ಸಾಕು. ಸಮ ಜಾಗದಲ್ಲಿ ಗಾಡಿ ನಿಲ್ಲಿಸಿ, ಗೇರ್ ನ್ಯೂಟ್ರಲ್ ಮಾಡಿ ಹ್ಯಾಂಡ್ ಬ್ರೇಕ್ ಹಾಕಿ, ಇಂಜಿನ್ ಆಫ್ ಮಾಡಿ. ಬ್ರೇಕನ್ನು ಐದಾರು ಸಲ ತುಳಿಯಿರಿ, ಗಟ್ಟಿಯಾಗುತ್ತದೆ. ಕಾಲು ಒತ್ತಿಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಕ್ಕೆ ಇಳಿಯಬೇಕು. ಇಳಿಯದಿದ್ದರೆ ಬೂಸ್ಟರಿಗೆ ಎಳೆತ ಸಿಗುತ್ತಿಲ್ಲ, ಆ ಗಾಡಿಯನ್ನು ಘಾಟಿಗೆ ಒಯ್ಯಬೇಡಿ. ನಿಂತಲ್ಲಿ ಆಫ್ ಆಗುವ ಗಾಡಿಯಲ್ಲಂತೂ ಸ್ಕ್ರೂ ಮುಟ್ಟುವ ಮೊದಲು ಇದನ್ನೇ ನೋಡಿ. ಎಲ್ಲ ಐಡಲ್ ತೊಂದರೆಗೂ ಬೂಸ್ಟರ್ ಪೈಪೇ ಕಾರಣ ಅಂತ ನಾನು ಹೇಳುತ್ತಿಲ್ಲ. ಕಾರ್ಬರೇಟರ್ ಅಡಿಯ ಗ್ಯಾಸ್ಕೆಟ್ ಇರಬಹುದು, ಜೆಟ್ ಕಟ್ಟಿರಬಹುದು, ಥ್ರಾಟಲ್ ಕಡ್ಡಿ ಸವೆದಿರಬಹುದು. ಆದರೆ ಅವುಗಳಿಂದ ಇಂಜಿನ್ ಆಫ್ ಆಗುತ್ತದೆ ಅಷ್ಟೇ. ಈ ಪೈಪು ಹೋದರೆ ಇಂಜಿನ್ನಿನ ಜೊತೆ ಬ್ರೇಕಿನ ಬಲವೂ ಹೋಗುತ್ತದೆ.

ನಿಮ್ಮ ಪತ್ರಿಕೆಯ ಮೂಲಕ ಎರಡು ಕೋರಿಕೆ. ಹೊಗೆ ತಪಾಸಣೆ ಕೇಂದ್ರದವರು ‘ಸ್ಕ್ರೂ ತಿರುಗಿಸಿಕೊಂಡು ಬನ್ನಿ’ ಅನ್ನುವುದನ್ನು ದಯವಿಟ್ಟು ನಿಲ್ಲಿಸಲಿ. ಅಳತೆ ಮೀರಿದ್ದರೆ ಕಾರಣ ಹುಡುಕಿಸಿ ಅಂತ ಹೇಳಲಿ. ಈ ಪರೀಕ್ಷೆ ನಡೆಯುವುದೇ ಐಡಲಿಂಗಿನಲ್ಲಿ, ಅಂದಮೇಲೆ ನಿಂತ ಗಾಡಿಯ ಇಂಜಿನ್ ಸರಿಯಾಗಿ ಓಡುತ್ತಿಲ್ಲ ಅನ್ನುವುದು ಅವರ ಕಣ್ಣಿಗೇ ಮೊದಲು ಬೀಳುತ್ತದೆ.

ಇನ್ನೊಂದು ಕೋರಿಕೆ ನಮ್ಮ ಐಟಿಐಗಳಿಗೆ. 2020ರಲ್ಲಿ ಬಿಎಸ್-6 (ಗಾಡಿಗಳ ಹೊಗೆ ಮಿತಿಯ ನಿಯಮ) ಬಂದ ಮೇಲೆ ಹೊಸ ಬೈಕುಗಳಲ್ಲೂ ಕಾರ್ಬರೇಟರ್ ಕಾಣಿಸುವುದು ಅಪರೂಪ. ಈಗಿನ ಹುಡುಗರು ಅದನ್ನು ಬಿಚ್ಚಿ ನೋಡದಿದ್ದರೆ ಅದು ಅವರ ತಪ್ಪಲ್ಲ. ಆದರೆ ತೋಟಗಳಲ್ಲಿ, ಹಳ್ಳಿಗಳಲ್ಲಿ ಈ ಗಾಡಿಗಳು ಇನ್ನೂ ಎಷ್ಟೋ ವರ್ಷ ಜನರನ್ನು ಹೊರುತ್ತವೆ. ಮೋಟಾರ್ ಮೆಕ್ಯಾನಿಕ್ ಓದುವ ಮಕ್ಕಳಿಗೆ ಕಾರ್ಬರೇಟರ್ ಕೈಗೆ ಕೊಟ್ಟು, ಇಂಥ ಹಿರಿಯ ಮೆಕ್ಯಾನಿಕ್‌ಗಳನ್ನು ವರ್ಷಕ್ಕೆ ನಾಲ್ಕು ದಿನವಾದರೂ ಕರೆಸಿ ಪಾಠ ಹೇಳಿಸಬೇಕು. ನಮ್ಮ ಗಾಡಿ ಸರಿ ಮಾಡಿದವರಿಗೀಗ ಎಪ್ಪತ್ತರ ಹತ್ತಿರ ವಯಸ್ಸು. ಕೈ ಕೆಳಗೆ ಕಲಿಯಲು ಈಗ ಯಾರೂ ಇಲ್ಲ ಅಂತ ಕಾಫಿ ಕುಡಿಯುವಾಗ ಹೇಳಿದರು.

ಬಿರುಕು ಬಿಟ್ಟ ಆ ಪೈಪಿನ ತುಂಡನ್ನು ನಾನು ಎಸೆದಿಲ್ಲ. ಹಾಸನ ಜಿಲ್ಲೆಯ ಯಾವುದಾದರೂ ಐಟಿಐ ಮಕ್ಕಳಿಗೆ ತೋರಿಸಲು ಬೇಕು ಅಂದರೆ ನಾನೇ ತಂದುಕೊಡುತ್ತೇನೆ. ಬೇಕಾದರೆ ಗಾಡಿಯನ್ನೂ ಒಂದು ದಿನ ನಿಲ್ಲಿಸಿಕೊಳ್ಳಲಿ.

ಇಂತಿ,
ಒಬ್ಬ ಕಾಫಿ ಬೆಳೆಗಾರ್ತಿ,
ಹೆತ್ತೂರು ಹೋಬಳಿ, ಸಕಲೇಶಪುರ ತಾಲ್ಲೂಕು